‘ದ ಗಿವರ್’ ಓದುವುದು ಹೇಗೆ: ಮೊದಲು ಆ ಊರನ್ನು ಇಷ್ಟಪಡಿ

ಈ ಪುಸ್ತಕದ ಬಗ್ಗೆ ನನಗೆ ಬರುವ ಪ್ರಶ್ನೆಗಳು ಮೂರೇ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅವೇ. ಒಂದು: "ಐವತ್ತು ಪುಟ ಓದಿದೆ, ಏನೂ ಆಗ್ತಾನೇ ಇಲ್ಲ, ಬಿಟ್ಟುಬಿಡಲಾ?" ಎರಡು: "ಮುಗಿಸಿದೆ, ಆದರೆ ಕೊನೆ ಅರ್ಥ ಆಗಲಿಲ್ಲ." ಮೂರನೆಯದು ಅಪ್ಪ ಅಮ್ಮಂದಿರದ್ದು: "ಮಗಳಿಗೆ ಹನ್ನೊಂದು ವರ್ಷ, ಓದಲು ಕೊಡಬಹುದಾ?" ಮೂರಕ್ಕೂ ಒಂದೇ ಕಡೆ ಉತ್ತರ ಬರೆದಿಡೋಣ ಅಂತ ಕೂತಿದ್ದೇನೆ.

ಪುಸ್ತಕದ ಹೆಸರು ‘ದ ಗಿವರ್’. ಬರೆದವರು ಅಮೆರಿಕದ ಲೇಖಕಿ ಲೋಯಿಸ್ ಲೌರಿ. 1993ರಲ್ಲಿ ಬಂತು. ಮರುವರ್ಷವೇ ನ್ಯೂಬೆರಿ ಪದಕ ಸಿಕ್ಕಿತು, ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಸಿಗುವ ದೊಡ್ಡ ಗೌರವ ಅದು. ಇದನ್ನು ವೈಎ ಡಿಸ್ಟೋಪಿಯಾ ಅಂತ ಕರೆಯುತ್ತಾರೆ. ವೈಎ ಅಂದರೆ ಯಂಗ್ ಅಡಲ್ಟ್, ಅಂದರೆ ಹದಿಹರೆಯದವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ದೊಡ್ಡವರು ಓದಬಾರದು ಅಂತೇನಿಲ್ಲ, ನಲವತ್ತರಲ್ಲಿ ಓದಿದರೆ ಈ ಪುಸ್ತಕ ಇನ್ನೂ ಜಾಸ್ತಿ ತಟ್ಟುತ್ತದೆ. ಡಿಸ್ಟೋಪಿಯಾ ಅಂದರೆ ಎಲ್ಲೋ ಮೂಲದಲ್ಲೇ ತಪ್ಪಿಹೋಗಿರುವ ಒಂದು ಸಮಾಜವನ್ನು ಕಲ್ಪಿಸಿ ಹೇಳುವ ಕತೆ. ಹೊರಗಿನಿಂದ ನೋಡಿದರೆ ಎಲ್ಲ ನೆಟ್ಟಗಿರುತ್ತದೆ, ಒಳಗೆ ಹೋದಂತೆ ಹೊಟ್ಟೆಯಲ್ಲಿ ಏನೋ ತಳಮಳ ಶುರುವಾಗುತ್ತದೆ.

ಕತೆ ಇಷ್ಟು. ಜೋನಸ್ ಹನ್ನೊಂದು ವರ್ಷದ ಹುಡುಗ. ಅವನ ಊರಿಗೆ ಹೆಸರಿಲ್ಲ, ಸುಮ್ನೆ ‘ಕಮ್ಯುನಿಟಿ’ ಅನ್ನುತ್ತಾರೆ. ಅಲ್ಲಿ ಯಾರಿಗೂ ಹಸಿವಿಲ್ಲ, ಹೊಡೆದಾಟವಿಲ್ಲ, ಮನೆಗೆ ಬೀಗ ಹಾಕುವ ಅಗತ್ಯವಿಲ್ಲ. ಪ್ರತಿ ಡಿಸೆಂಬರಿನಲ್ಲಿ ಒಂದು ಸಮಾರಂಭ ನಡೆಯುತ್ತದೆ, ಊರಿನ ಮಕ್ಕಳೆಲ್ಲ ಆಗಲೇ ಒಟ್ಟಿಗೆ ಒಂದು ವರ್ಷ ದೊಡ್ಡವರಾಗುತ್ತಾರೆ. ಹನ್ನೆರಡು ತುಂಬುವವರಿಗೆ ಹಿರಿಯರ ಸಮಿತಿ ಜೀವನಪೂರ್ತಿ ಮಾಡುವ ಕೆಲಸವನ್ನು ಹಂಚುತ್ತದೆ. ಜೋನಸನಿಗೆ ಈ ಡಿಸೆಂಬರಿನಲ್ಲಿ ಹನ್ನೆರಡು. ನನಗೆ ಯಾವ ಕೆಲಸ ಸಿಗುತ್ತದೆ, ಅಂದರೆ ನಾನು ಯಾರು ಅಂತ ಈ ಊರು ಹೇಳುತ್ತದೆ, ಇದೇ ಅವನ ಚಿಂತೆ.

ಸ್ಪಾಯ್ಲರ್ ಬಗ್ಗೆ ಒಂದು ಮಾತು. ಕತೆಯ ಗುಟ್ಟನ್ನು ಮೊದಲೇ ಹೇಳಿ ಓದಿನ ಖುಷಿ ಕೆಡಿಸುವುದಕ್ಕೆ ಸ್ಪಾಯ್ಲರ್ ಅನ್ನುತ್ತಾರೆ. ಕೆಳಗೆ ಮೊದಲ ಐದು ಹಂತಗಳಲ್ಲಿ ದೊಡ್ಡ ಗುಟ್ಟು ಯಾವುದೂ ಇಲ್ಲ. ಆರನೆಯದರಿಂದ ಮುಂದಿನದು ಓದಿ ಮುಗಿಸಿದವರಿಗೆ ಮಾತ್ರ. ದಯವಿಟ್ಟು ಅಲ್ಲಿ ನಿಲ್ಲಿ, ಪುಸ್ತಕ ಮುಗಿಸಿ ಬನ್ನಿ.

1. ಏನೇನು ಬೇಕು

ಒಂದು ಪ್ರತಿ, ಒಂದು ಪೆನ್ಸಿಲ್, ನೋಟ್‌ಬುಕ್ಕಿನ ಒಂದು ಹಾಳೆ. ಪುಸ್ತಕ ಚಿಕ್ಕದು. 23 ಅಧ್ಯಾಯ, ಒಂದೊಂದೂ ಹತ್ತು ಪುಟದ ಆಸುಪಾಸು. ಇಂಗ್ಲಿಷ್ ಸರಳವಾಗಿದೆ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಕಾದಂಬರಿ ಅಂದರೆ ಸ್ವಲ್ಪ ಹಿಂಜರಿಯುವವರು ಮೊದಲ ಪುಸ್ತಕ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ವಾಕ್ಯಗಳು ಚಿಕ್ಕವು, ಹೆಸರುಗಳು ಕಮ್ಮಿ, ಇಡೀ ಕತೆ ಒಬ್ಬನೇ ಹುಡುಗನ ಹಿಂದೆ ನಡೆಯುತ್ತದೆ.

ಇಲ್ಲಿ ಜನ ಮಾಡುವ ತಪ್ಪು ಎರಡು. ಮೊದಲನೆಯದು, ಹಿಂಬದಿ ರಕ್ಷಾಪುಟ ಓದುವುದು. ಕೆಲವು ಅಚ್ಚುಗಳಲ್ಲಿ ಅರ್ಧ ಕತೆ ಅಲ್ಲೇ ಇರುತ್ತದೆ. ಅದರ ಮೇಲೆ ಒಂದು ಕಾಗದ ಹೊದಿಸಿ.

ಎರಡನೆಯದು ಇನ್ನೂ ದೊಡ್ಡದು: 2014ರಲ್ಲಿ ಬಂದ ಸಿನಿಮಾವನ್ನು ಮೊದಲು ನೋಡುವುದು. ಜೆಫ್ ಬ್ರಿಜಸ್, ಮೆರಿಲ್ ಸ್ಟ್ರೀಪ್ ಇದ್ದಾರೆ, ನೋಡಬಾರದು ಅಂತ ಹೇಳುತ್ತಿಲ್ಲ. ಆದರೆ ಪುಸ್ತಕ ಸುಮಾರು ಅರ್ಧದವರೆಗೆ ಬಚ್ಚಿಟ್ಟುಕೊಂಡ ಒಂದು ಗುಟ್ಟನ್ನು ಸಿನಿಮಾ ಶುರುವಿನಲ್ಲೇ ಕಣ್ಣಿಗೆ ಕಾಣಿಸಿಬಿಡುತ್ತದೆ. ಸಿನಿಮಾಕ್ಕೆ ಬೇರೆ ದಾರಿಯೇ ಇಲ್ಲ, ಯಾಕೆ ಅಂತ ಓದಿದ ಮೇಲೆ ನಿಮಗೇ ಗೊತ್ತಾಗುತ್ತದೆ. ಜೊತೆಗೆ ಅಲ್ಲಿ ಜೋನಸನ ವಯಸ್ಸನ್ನೂ ಏರಿಸಿದ್ದಾರೆ. ಹನ್ನೆರಡರ ಹುಡುಗನ ಕತೆ ಬೇರೆ, ಹದಿನಾರರವನ ಕತೆ ಬೇರೆ. 2019ರಲ್ಲಿ ಪಿ. ಕ್ರೇಗ್ ರಸೆಲ್ ಮಾಡಿದ ಗ್ರಾಫಿಕ್ ಕಾದಂಬರಿಯೂ ಇದೆ, ಅಂದರೆ ಚಿತ್ರಗಳಲ್ಲಿ ಹೇಳಿದ ಕಾದಂಬರಿ. ಅದೂ ಎರಡನೇ ಸರದಿಗೆ.

2. ಊರಿನ ಮಾತು ಕಲಿಯಿರಿ

ಮೊದಲ ಪುಟದಲ್ಲೇ ಜೋನಸ್ ಒಂದು ಪದ ಹುಡುಕುತ್ತಿರುತ್ತಾನೆ. ಸಮಾರಂಭ ಹತ್ತಿರ ಬರುತ್ತಿದೆ, ಮನಸ್ಸಿನಲ್ಲಿ ಏನೋ ಆಗುತ್ತಿದೆ. ಅದಕ್ಕೆ ಏನನ್ನಬೇಕು? ಮೊದಲು ಹೆದರಿಕೆ ಅಂದುಕೊಳ್ಳುತ್ತಾನೆ. ಆಮೇಲೆ ಹಿಂದಿನ ವರ್ಷ ಊರಿನ ಮೇಲೆ ಗೊತ್ತಿಲ್ಲದ ವಿಮಾನ ಹಾರಿ ಬಂದದ್ದು, ಧ್ವನಿವರ್ಧಕದಲ್ಲಿ ಎಲ್ಲರೂ ಒಳಗೆ ಹೋಗಿ ಅಂದದ್ದು ನೆನಪಾಗುತ್ತದೆ. ಹೆದರಿಕೆ ಅಂದರೆ ಅದು, ಇದಲ್ಲ ಅಂತ ಬಿಡುತ್ತಾನೆ. ಕೊನೆಗೆ ಬೇರೆ ಪದಕ್ಕೆ ಬಂದು ನಿಲ್ಲುತ್ತಾನೆ. ಕನ್ನಡದಲ್ಲಿ ನೀವೂ ಹುಡುಕಿ ನೋಡಿ: ಭಯ, ಅಂಜಿಕೆ, ದಿಗಿಲು, ಅಳುಕು, ಕಳವಳ. ನನ್ನ ಪ್ರಕಾರ ಅವನದು ಅಳುಕು. ನಿಮಗೆ ಬೇರೆ ಅನ್ನಿಸಿದರೆ ಅದನ್ನೇ ಅಂಚಿನಲ್ಲಿ ಬರೆದುಕೊಳ್ಳಿ.

ಈ ಪದ ಹುಡುಕಾಟ ಸುಮ್ನೆ ಬಂದದ್ದಲ್ಲ. ಆ ಊರಿನಲ್ಲಿ ಮಕ್ಕಳಿಗೆ ಸರಿಯಾದ ಪದ ಬಳಸುವುದನ್ನು ಚಿಕ್ಕಂದಿನಿಂದ ಕಲಿಸುತ್ತಾರೆ, ತಪ್ಪಿದರೆ ತಿದ್ದುತ್ತಾರೆ. ಹಾಗಾಗಿ ನಿಮ್ಮ ಹಾಳೆಯಲ್ಲಿ ಅವರ ಪದಗಳ ಪಟ್ಟಿ ಮಾಡುತ್ತಾ ಹೋಗಿ. ಮನೆಯವರನ್ನು ಅವರು ‘ಫ್ಯಾಮಿಲಿ ಯೂನಿಟ್’ ಅನ್ನುತ್ತಾರೆ. ಕೂಸಿಗೆ ‘ನ್ಯೂಚೈಲ್ಡ್’. ಜೋನಸನ ಅಪ್ಪನ ಕೆಲಸ ‘ನರ್ಚರರ್’, ಹುಟ್ಟಿದ ಕೂಸುಗಳನ್ನು ಮನೆಗಳಿಗೆ ಕೊಡುವ ತನಕ ನೋಡಿಕೊಳ್ಳುವವನು. ತಬ್ಬಿಕೊಂಡು ಮಲಗುವ ಗೊಂಬೆಗೆ ‘ಕಂಫರ್ಟ್ ಆಬ್ಜೆಕ್ಟ್’. ಊರಾಚೆಯದಕ್ಕೆಲ್ಲ ಒಂದೇ ಹೆಸರು, ‘ಎಲ್ಸ್‌ವೇರ್’, ಬೇರೆಲ್ಲೋ.

‘ರಿಲೀಸ್’ ಅನ್ನುವ ಪದವನ್ನು ಪಟ್ಟಿಯಲ್ಲಿ ದಪ್ಪಗೆ ಬರೆಯಿರಿ. ಮೊದಲ ಅಧ್ಯಾಯದಿಂದಲೇ ಬರುತ್ತದೆ. ನಮ್ಮ ತಲೆಯಲ್ಲಿ ತಕ್ಷಣ ಬಿಡುಗಡೆ ಅಂತ ಮೂಡುತ್ತದೆ. ಸದ್ಯಕ್ಕೆ ಅನುವಾದ ಮಾಡಿಕೊಳ್ಳಬೇಡಿ. ಯಾರು ಯಾರಿಗೆ ರಿಲೀಸ್ ಆಗುತ್ತದೆ, ಅದನ್ನು ಹೇಳುವಾಗ ಜನ ನಗುತ್ತಾರಾ ಸುಮ್ಮನಾಗುತ್ತಾರಾ, ಅಷ್ಟನ್ನು ಮಾತ್ರ ಗುರುತು ಹಾಕಿಕೊಳ್ಳಿ.

ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಪ್ರತಿ ಪದಕ್ಕೂ ನಿಲ್ಲಬೇಡಿ. ಗೊತ್ತಿಲ್ಲದ ಪದಗಳಲ್ಲಿ ಅರ್ಧಕ್ಕರ್ಧ ಈ ಊರಿನವೇ, ಡಿಕ್ಷನರಿಯಲ್ಲಿ ಸಿಗುವುದಿಲ್ಲ.

3. ಅಧ್ಯಾಯ 1ರಿಂದ 5: ಆ ಊರನ್ನು ಇಷ್ಟಪಡಿ

ಐವತ್ತು ಪುಟದಲ್ಲಿ ಬಿಡುವವರು ಬಿಡುವುದು ಇಲ್ಲೇ. ಡಿಸ್ಟೋಪಿಯಾ ಅಂತ ಹಣೆಪಟ್ಟಿ ನೋಡಿ ತೆಗೆದಿರುತ್ತಾರೆ. ಮೊದಲ ಪುಟದಿಂದಲೇ ಎಲ್ಲಿ ತಪ್ಪು, ಯಾರು ಕೆಟ್ಟವರು ಅಂತ ಪೊಲೀಸರ ಹಾಗೆ ಹುಡುಕುತ್ತಾರೆ. ತಪ್ಪು ಕಂಡ ಕೂಡಲೇ "ಓ, ಇದು ಸರ್ವಾಧಿಕಾರ" ಅಂತ ತೀರ್ಮಾನಿಸಿ, ಇನ್ನೇನಿದೆ ಅಂತ ಬೇಸರಪಡುತ್ತಾರೆ. ಹೀಗೆ ಓದಿದರೆ ಈ ಪುಸ್ತಕ ಕೈಗೆ ಸಿಗುವುದಿಲ್ಲ.

ಈ ಐದು ಅಧ್ಯಾಯಗಳನ್ನು ಆ ಊರಿಗೆ ಬಾಡಿಗೆಗೆ ಬಂದವರ ಹಾಗೆ ಓದಿ. ಅಲ್ಲಿ ಏನು ಚೆನ್ನಾಗಿದೆ ಅಂತ ನೋಡಿ. ರಾತ್ರಿ ಊಟವಾದ ಮೇಲೆ ಮನೆಯವರು ಸುತ್ತ ಕೂತು, ಇವತ್ತು ನನಗೆ ಸಿಟ್ಟು ಬಂತು, ಬೇಜಾರಾಯಿತು ಅಂತ ಒಬ್ಬೊಬ್ಬರಾಗಿ ಹೇಳುತ್ತಾರೆ, ಉಳಿದವರು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಬೆಳಿಗ್ಗೆ ಕನಸು ಹೇಳಿಕೊಳ್ಳುತ್ತಾರೆ. ನಮ್ಮ ಎಷ್ಟು ಮನೆಗಳಲ್ಲಿ ಅಪ್ಪನಾದವನು ಊಟದ ಹೊತ್ತಿಗೆ ಮಗನ ಬೇಜಾರು ಏನು ಅಂತ ಕೂತು ಕೇಳುತ್ತಾನೆ? ಜೋನಸನ ಅಪ್ಪ ಕೇಳುತ್ತಾನೆ. ಚೆನ್ನಾಗಿ ಬೆಳೆಯದ ಒಂದು ಕೂಸಿನ ಮೇಲೆ ಕನಿಕರಪಟ್ಟು ಅದನ್ನು ರಾತ್ರಿ ಹೊತ್ತು ಮನೆಗೇ ತರುತ್ತಾನೆ. ಅವನನ್ನು ಇಷ್ಟಪಡಿ. ಇದನ್ನು ಬೇಕಂತಲೇ ಹೇಳುತ್ತಿದ್ದೇನೆ.

ಹತ್ತಿರದಿಂದ ನೋಡಬೇಕಾದ ಒಂದು ವಸ್ತು ಮಕ್ಕಳ ಜಾಕೆಟ್. ನಾಲ್ಕು, ಐದು, ಆರು ವರ್ಷದವರ ಜಾಕೆಟ್ಟಿಗೆ ಗುಂಡಿ ಬೆನ್ನ ಹಿಂದೆ ಇರುತ್ತದೆ. ತಾನೇ ಹಾಕಿಕೊಳ್ಳಲು ಆಗುವುದಿಲ್ಲ, ಪಕ್ಕದ ಮಗು ಹಾಕಬೇಕು, ಇವನು ಅದರದನ್ನು ಹಾಕಬೇಕು. ಒಬ್ಬರಿಗೊಬ್ಬರು ಆಗಬೇಕು ಅನ್ನುವುದನ್ನು ಬಟ್ಟೆಯಲ್ಲೇ ಹೊಲಿದಿಟ್ಟಿದ್ದಾರೆ. ಏಳಾದ ಮೇಲೆ ಗುಂಡಿ ಮುಂದೆ ಬರುತ್ತದೆ. ಎಂಟಕ್ಕೆ ಜೇಬು ಬರುತ್ತದೆ, ಯಾಕೆಂದರೆ ಇನ್ನು ತನ್ನ ಚಿಕ್ಕ ಪುಟ್ಟ ವಸ್ತುಗಳನ್ನು ತಾನೇ ನೋಡಿಕೊಳ್ಳುವಷ್ಟು ದೊಡ್ಡವನು. ಒಂಬತ್ತಕ್ಕೆ ಸೈಕಲ್. ಇದನ್ನು ಓದಿ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಎಷ್ಟು ಯೋಚನೆ ಮಾಡಿದ್ದಾರಲ್ಲಾ ಅನ್ನುವ ಮೆಚ್ಚುಗೆ. ನಿಮಗೂ ಹಾಗೆ ಅನ್ನಿಸಿದರೆ ತಡೆಯಬೇಡಿ. ಒಂದು ಜಾಗಕ್ಕೆ ಸೇರಿದವನಾಗಿರುವುದು ಎಷ್ಟು ಹಿತ ಅಂತ ಗೊತ್ತಾಗದೆ, ಅಲ್ಲಿಂದ ಬೇರೆಯಾಗುವುದು ಎಷ್ಟು ನೋವು ಅಂತ ಗೊತ್ತಾಗುವುದಿಲ್ಲ. ಈ ಕಾದಂಬರಿ ನಿಂತಿರುವುದೇ ಇದರ ಮೇಲೆ.

ಇನ್ನೊಂದು ಕೆಲಸ. 3ನೇ ಅಧ್ಯಾಯದಲ್ಲಿ ಜೋನಸ್ ಗೆಳೆಯ ಆಶರ್ ಜೊತೆ ಸೇಬು ಎಸೆದು ಹಿಡಿಯುವ ಆಟ ಆಡುತ್ತಾನೆ. ಸೇಬಿನಲ್ಲಿ ಏನೋ ಒಂದು ಆಗುತ್ತದೆ. ಏನಾಯಿತು ಅಂತ ಅವನಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಅಂಚಿನಲ್ಲಿ ಪೆನ್ಸಿಲಿಂದ ಒಂದು ಗುರುತು ಹಾಕಿ ಮುಂದೆ ಹೋಗಿ. ಊಹೆ ಬೇಡ.

4. ಅಧ್ಯಾಯ 6ರಿಂದ 8: ಸಮಾರಂಭ

ಈ ಮೂರನ್ನೂ ಒಂದೇ ಕೂರಿಕೆಯಲ್ಲಿ ಓದಿ. ಮಧ್ಯೆ ನಿಲ್ಲಿಸಿದರೆ ಸಭಾಂಗಣದ ಬಿಗಿ ಹೋಗುತ್ತದೆ.

ಆದರೆ 6 ಶುರು ಮಾಡುವ ಮೊದಲು ಹಾಳೆ ತಿರುಗಿಸಿ ಎರಡು ಸಾಲು ಬರೆಯಿರಿ: ನಿಮಗೆ ಹನ್ನೆರಡಾಗಿದ್ದಾಗ ನಿಮ್ಮನ್ನು ವರ್ಷಗಟ್ಟಲೆ ಗಮನಿಸಿದ ಒಂದು ಸಮಿತಿ ನಿಮಗೆ ಯಾವ ಕೆಲಸ ಕೊಡುತ್ತಿತ್ತು? ಅದು ನಿಮಗೆ ಒಪ್ಪಿಗೆ ಆಗುತ್ತಿತ್ತಾ? ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಮನೆಯಲ್ಲಿ ಸೈನ್ಸೋ ಕಾಮರ್ಸೋ ಅಂತ ನಡೆದ ಪಂಚಾಯಿತಿ ನೆನಪಿದ್ದವರಿಗೆ ಈ ಪ್ರಶ್ನೆ ಕಷ್ಟವಾಗುವುದಿಲ್ಲ. ಒಂದು ವ್ಯತ್ಯಾಸ ಇದೆ ನೋಡಿ. ನಮ್ಮ ಪಂಚಾಯಿತಿಯಲ್ಲಿ ಎಷ್ಟೋ ಸಲ ಮಗುವನ್ನು ಸರಿಯಾಗಿ ನೋಡಿಯೇ ಇರುವುದಿಲ್ಲ. ಅಲ್ಲಿನ ಸಮಿತಿ ನಿಜವಾಗಿಯೂ ಗಮನವಿಟ್ಟು ನೋಡಿರುತ್ತದೆ, ಬಹಳಷ್ಟು ಮಕ್ಕಳಿಗೆ ಸಿಕ್ಕ ಕೆಲಸ ಅವರಿಗೆ ಹೊಂದುತ್ತದೆ ಕೂಡ. ಹಾಗಿದ್ದರೆ ಏನು ತಪ್ಪು? ಉತ್ತರ ಈಗಲೇ ಬೇಡ, ಪ್ರಶ್ನೆ ಇರಲಿ.

7ನೇ ಅಧ್ಯಾಯದಲ್ಲಿ ಮಕ್ಕಳನ್ನು ಹುಟ್ಟಿದ ಕ್ರಮದ ಸಂಖ್ಯೆಯ ಪ್ರಕಾರ ವೇದಿಕೆಗೆ ಕರೆಯುತ್ತಾರೆ. ಜೋನಸ್ 19. ಸಂಖ್ಯೆಗಳ ಕಡೆ ಗಮನ ಇರಲಿ. ಅಲ್ಲಿ ಆಗುವುದು ಒಂದು ಚಿಕ್ಕ ವಿಷಯ, ಆದರೆ ತರಗತಿಯಲ್ಲಿ ಹಾಜರಿ ಕರೆಯುವಾಗ ಟೀಚರ್ ನಿಮ್ಮ ಹೆಸರು ಬಿಟ್ಟು ಮುಂದೆ ಹೋದದ್ದು ಎಂದಾದರೂ ಆಗಿದ್ದರೆ, ಆ ಅರ್ಧ ಪುಟ ನಿಮಗೆ ಮೈಗೇ ತಟ್ಟುತ್ತದೆ.

5. ಅಧ್ಯಾಯ 9ರಿಂದ 18: ನಿಧಾನ

ಇಲ್ಲಿಂದ ವೇಗ ಇಳಿಸಿ. ಒಂದು ಸಲಕ್ಕೆ ಒಂದೇ ಅಧ್ಯಾಯ, ಹೆಚ್ಚೆಂದರೆ ಎರಡು. ಜೋನಸನಿಗೆ ಒಬ್ಬ ಮುದುಕ ಗುರು ಸಿಗುತ್ತಾನೆ. ಆ ಗುರು ಅವನಿಗೆ ನೆನಪುಗಳನ್ನು ಕೊಡುತ್ತಾನೆ. ಜೋನಸನ ಊರಿನವರು ಕಂಡರಿಯದ ಹಳೆಯ ಲೋಕದ ನೆನಪುಗಳು ಅವು. ಒಂದೊಂದು ಅಧ್ಯಾಯ ಒಂದೆರಡು ನೆನಪುಗಳ ಸುತ್ತ ಇರುತ್ತದೆ. ಹಿಮದ ಮೇಲೆ ಜಾರುಬಂಡಿಯಲ್ಲಿ ಇಳಿಯುವ ಮೊದಲ ನೆನಪು ಬಂದಾಗ ಗಮನಿಸಿ: ಹಿಮ, ಗುಡ್ಡ, ಇಳಿಜಾರು, ಯಾವುದನ್ನೂ ಆ ಹುಡುಗ ಕಂಡವನಲ್ಲ, ಅದಕ್ಕೆ ಪದವೂ ಇರಲಿಲ್ಲ. ನಮ್ಮಲ್ಲಿ ಬಹಳ ಜನ ಹಿಮವನ್ನು ಸಿನಿಮಾದಲ್ಲಿ ಮಾತ್ರ ನೋಡಿರುವುದರಿಂದ ಆ ಪುಟಗಳನ್ನು ನಾವು ಜೋನಸನಿಗೆ ಸ್ವಲ್ಪ ಹತ್ತಿರದಿಂದಲೇ ಓದುತ್ತೇವೆ, ಅಲ್ವಾ?

ಈ ಭಾಗದಲ್ಲಿ ಬೀಳುವ ಗುಂಡಿಗಳು ಇವು.

ಖಳನಾಯಕನನ್ನು ಕಾಯಬೇಡಿ. ಬರುವುದಿಲ್ಲ. ಇದೇ ಬಗೆಯ ಕಾದಂಬರಿಗಳಾದ ಹಂಗರ್ ಗೇಮ್ಸ್ 2008ರಲ್ಲಿ, ಡೈವರ್ಜೆಂಟ್ 2011ರಲ್ಲಿ ಬಂದವು. ಅವುಗಳನ್ನು ಮೊದಲು ಓದಿದವರು ಇಲ್ಲೂ ದಂಗೆ, ಹೋರಾಟ, ಬಿಲ್ಲು ಬಾಣ ಬರುತ್ತದೆ ಅಂತ ಕಾಯುತ್ತಾ ಪುಟ ಹಾರಿಸುತ್ತಾರೆ. ಇಲ್ಲಿ ಹೋರಾಟ ಹುಡುಗನ ತಲೆಯೊಳಗೆ. ಪ್ರೇಮಕತೆಯನ್ನೂ ಕಾಯಬೇಡಿ. ಫಿಯೋನಾ ಅಂತ ಒಬ್ಬ ಹುಡುಗಿ ಇದ್ದಾಳೆ, ಅವಳನ್ನು ನೋಡಬೇಕಾದದ್ದು ಬೇರೆ ಕಾರಣಕ್ಕೆ.

ಅದಕ್ಕಿಂತ ಮುಖ್ಯ: ಜೋನಸ್ ದೂರವಾಗುತ್ತಿರುವುದನ್ನು ಅಳೆಯಿರಿ. ಅವನಿಗೆ ಕೊಟ್ಟ ನಿಯಮಗಳ ಪಟ್ಟಿ 9ನೇ ಅಧ್ಯಾಯದಲ್ಲಿದೆ, ಎಂಟು ನಿಯಮ. ತರಬೇತಿಯ ವಿಷಯ ಯಾರ ಹತ್ತಿರವೂ ಮಾತಾಡುವಂತಿಲ್ಲ. ಬೆಳಗಿನ ಕನಸು ಹೇಳಿಕೊಳ್ಳುವುದು ಬಂದ್. ಅಂದರೆ ಮನೆಯವರ ಜೊತೆ ಕಟ್ಟಿದ್ದ ದಾರ ಒಂದೊಂದಾಗಿ ಕತ್ತರಿಸುತ್ತಾ ಹೋಗುತ್ತದೆ. ಗೌರವ ಜಾಸ್ತಿ ಆಗುತ್ತದೆ, ಜೊತೆ ಕಮ್ಮಿ ಆಗುತ್ತದೆ. ಊರು ಬಿಟ್ಟು ಓದಲು ಹೋಗಿ, ರಜೆಗೆ ಬಂದಾಗ ಹಳೆಯ ಗೆಳೆಯರ ನಡುವೆ ಮಾತು ಸಿಗದೆ ಕೂತವರು ಆಶರ್ ಬರುವ ಪುಟಗಳನ್ನು ಎರಡು ಸಲ ಓದುತ್ತಾರೆ.

ಈಗ ಅಪ್ಪ ಅಮ್ಮಂದಿರ ಪ್ರಶ್ನೆ. ಕೊಡಬಹುದು, ಆದರೆ ನೀವು ಮೊದಲು ಓದಿ. 13ರಲ್ಲಿ ಆನೆಯ ಒಂದು ನೆನಪಿದೆ, 15ರಲ್ಲಿ ಯುದ್ಧದ್ದು, 19ರಲ್ಲಿ ಇವೆರಡಕ್ಕಿಂತ ಕಷ್ಟದ ಒಂದು ದೃಶ್ಯ. ಅಮೆರಿಕದಲ್ಲಿ ಎಷ್ಟೋ ಶಾಲೆಗಳು ಇದನ್ನು ಪಾಠಕ್ಕೆ ಇಟ್ಟಿವೆ, ಎಷ್ಟೋ ಕಡೆ ಪೋಷಕರು ತೆಗೆದುಹಾಕಿ ಅಂತ ಆಕ್ಷೇಪಣೆಯನ್ನೂ ಕೊಟ್ಟಿದ್ದಾರೆ. ಹನ್ನೊಂದು ಹನ್ನೆರಡರ ಮಕ್ಕಳು ಇದನ್ನು ತಡೆದುಕೊಳ್ಳುತ್ತಾರೆ ಅಂತ ನನ್ನ ನಂಬಿಕೆ. ಆದರೆ 19 ಓದಿದ ದಿನ ಒಬ್ಬರೇ ಮಲಗಲು ಬಿಡಬೇಡಿ, ಮಾತಾಡಿ. ಮನೆಯಲ್ಲಿ ಚಿಕ್ಕ ಕೂಸು ಇದ್ದರೆ ಇನ್ನೂ ಒಂದೆರಡು ವರ್ಷ ಕಾಯಿರಿ.

ಓದದವರು ಇಲ್ಲಿ ನಿಲ್ಲಿ. ಮುಂದೆ ಎಲ್ಲ ಗುಟ್ಟೂ ಹೊರಗೆ.

6. ಅಧ್ಯಾಯ 19 ಆದ ಮೇಲೆ

ತಕ್ಷಣ 20ಕ್ಕೆ ಹೋಗಬೇಡಿ. ಪುಸ್ತಕ ಮುಚ್ಚಿ, ನಿಮ್ಮ ಪಟ್ಟಿ ತೆಗೆಯಿರಿ. ರಿಲೀಸ್ ಅಂತ ದಪ್ಪಗೆ ಬರೆದಿದ್ದೀರಲ್ಲ, ಅದರ ಮುಂದೆ ನೀವು ಹಾಕಿದ ಗುರುತುಗಳನ್ನೆಲ್ಲ ಮತ್ತೆ ನೋಡಿ. ದಾರಿ ತಪ್ಪಿದ ವಿಮಾನದ ಚಾಲಕ. ಮುದುಕರ ಮನೆಯಲ್ಲಿ ಸಂಭ್ರಮದಿಂದ ಬೀಳ್ಕೊಟ್ಟ ಅಜ್ಜ. ಅವಳಿ ಕೂಸುಗಳಲ್ಲಿ ತೂಕ ಕಮ್ಮಿ ಇದ್ದದ್ದು.

ನಾನು ಅಪ್ಪನನ್ನು ಇಷ್ಟಪಡಿ ಅಂದದ್ದು ಇದಕ್ಕೇ. ಸೂಜಿ ಹಿಡಿದವನು ರಾಕ್ಷಸ ಆಗಿದ್ದರೆ ಈ ಅಧ್ಯಾಯ ಅಷ್ಟೊಂದು ನೋಯುತ್ತಿರಲಿಲ್ಲ. ಅವನು ಮಗುವಿನ ಜೊತೆ ಮುದ್ದು ಮುದ್ದಾಗಿ ಮಾತಾಡುತ್ತಲೇ ಅದನ್ನು ಮಾಡುತ್ತಾನೆ, ತಾನೇ ಮನೆಗೆ ತಂದ ಆ ಕೂಸು ಗೇಬ್ರಿಯಲ್ ಜೊತೆ ಮಾತಾಡುವ ಅದೇ ದನಿಯಲ್ಲಿ. ಸಾವು ಅನ್ನುವುದೇ ಗೊತ್ತಿಲ್ಲದವನಿಗೆ ತಾನು ಕೊಲ್ಲುತ್ತಿದ್ದೇನೆ ಅಂತ ಗೊತ್ತಾಗುವುದು ಹೇಗೆ? ಅವನನ್ನು ದ್ವೇಷಿಸಬೇಕಾ, ಕ್ಷಮಿಸಬೇಕಾ ಅಂತ ನಾನು ಇವತ್ತಿಗೂ ಒಂದು ಕಡೆಗೆ ವಾಲಿಲ್ಲ.

ಇದೇ ಹೊತ್ತಿಗೆ 16ನೇ ಅಧ್ಯಾಯದ ಕೊನೆಯನ್ನೂ ತಿರುಗಿ ಓದಿ. ಜೋನಸ್ ಅಪ್ಪ ಅಮ್ಮನನ್ನು ಕೇಳುತ್ತಾನೆ, ನನ್ನನ್ನು ಪ್ರೀತಿಸುತ್ತೀರಾ ಅಂತ. ಅವರಿಗೆ ನಗು ಬರುತ್ತದೆ. ಆ ಪದಕ್ಕೆ ಈಗ ಅರ್ಥವೇ ಇಲ್ಲ, ಸರಿಯಾದ ಪದ ಬಳಸು ಅಂತ ತಿದ್ದುತ್ತಾರೆ. ಮೊದಲ ಪುಟದಲ್ಲಿ ಅಳುಕಿಗೆ ಸರಿಯಾದ ಪದ ಹುಡುಕಿದ ಹುಡುಗ ನೆನಪಾದನಾ? ಭಯಕ್ಕೆ ಅಳೆದು ತೂಗಿ ಪದ ಇಟ್ಟುಕೊಂಡ ಊರು ಪ್ರೀತಿಗೆ ಒಂದನ್ನೂ ಉಳಿಸಿಕೊಂಡಿಲ್ಲ.

7. ಕೊನೆ: ಬದುಕಿದನಾ ಸತ್ತನಾ?

ಕೊನೆಯನ್ನು ಬಿಡಿಸಿ ಹೇಳದೆ ಓದುಗರ ಕೈಗೇ ಬಿಡುವುದಕ್ಕೆ ಓಪನ್ ಎಂಡಿಂಗ್ ಅನ್ನುತ್ತಾರೆ. ಚಳಿಯಲ್ಲಿ ಗುಡ್ಡದ ತುದಿ, ಕೈಯಲ್ಲಿ ಗೇಬ್ರಿಯಲ್, ಅಲ್ಲೊಂದು ಜಾರುಬಂಡಿ, ಕೆಳಗೆ ದೀಪಗಳು, ಸಂಗೀತ. ಕೆಲವರು ಹೊಸ ಊರು ಸಿಕ್ಕಿತು ಅನ್ನುತ್ತಾರೆ. ಕೆಲವರು ಚಳಿಗೆ ಸಾಯುತ್ತಿರುವ ಹುಡುಗನ ಕೊನೆಯ ಕನಸು ಅದು ಅನ್ನುತ್ತಾರೆ. ಇನ್ನು ಕೆಲವರು ಸುತ್ತು ಹೊಡೆದು ಅವನ ಊರಿಗೇ ಬಂದ, ಆದರೆ ಊರು ಬದಲಾಗಿದೆ, ನೆನಪುಗಳು ಅಲ್ಲಿಗೆ ಮರಳಿವೆ ಅನ್ನುತ್ತಾರೆ. ಲೌರಿ ಪದಕ ಸ್ವೀಕರಿಸುವಾಗ ಮಾಡಿದ ಭಾಷಣದಲ್ಲಿ, ಒಂದೇ ಸರಿಯಾದ ಕೊನೆ ಅಂತ ಇಲ್ಲ, ಓದುಗರು ತಂದ ನಂಬಿಕೆ ಆಸೆಗಳ ಮೇಲೆ ಅದು ನಿಂತಿದೆ ಅನ್ನುವ ಅರ್ಥದ ಮಾತು ಹೇಳಿದರು.

ಇಲ್ಲಿ ಆಗುವ ತಪ್ಪು ಅಂದರೆ ಅದೇ ರಾತ್ರಿ ಉತ್ತರ ಹುಡುಕುವುದು. ಉತ್ತರ ಇದೆ, ಮುಂದಿನ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಲೌರಿ ಎರಡನೆಯದನ್ನು ಬರೆದದ್ದೇ 2000ದಲ್ಲಿ. ಏಳು ವರ್ಷ ಓದುಗರು ಗೊತ್ತಿಲ್ಲದೆಯೇ ಇದ್ದರು. ನೀವು ಒಂದು ವಾರ ಇರಿ. ಆ ವಾರದಲ್ಲಿ ನಿಮಗೆ ಯಾವ ಕೊನೆ ನಿಜ ಅನ್ನಿಸುತ್ತದೋ ಹಾಳೆಯಲ್ಲಿ ಬರೆಯಿರಿ. ಮನೆಯಲ್ಲಿ ಇನ್ನೊಬ್ಬರು ಓದಿದ್ದರೆ ಅವರೂ ಬೇರೆ ಬರೆಯಲಿ, ಆಮೇಲೆ ಹೋಲಿಸಿ. ಅಪ್ಪ ಮಗಳು ಬೇರೆ ಬೇರೆ ಬರೆದಿದ್ದರೆ ಆ ಸಂಜೆಗೆ ಬೇರೆ ಮಾತು ಬೇಕಾಗುವುದಿಲ್ಲ.

8. ಬರೆದವರ ಬಗ್ಗೆ ಇಷ್ಟು ತಿಳಿದಿರಲಿ

ಇದನ್ನು ಕೊನೆಗಿಟ್ಟದ್ದು ಬೇಕಂತಲೇ. ಲೌರಿ 1937ರಲ್ಲಿ ಹವಾಯಿಯಲ್ಲಿ ಹುಟ್ಟಿದರು, ತಂದೆ ಸೇನೆಯಲ್ಲಿದ್ದರು. ಎರಡನೇ ಮಹಾಯುದ್ಧ ಮುಗಿದು ಕೆಲವು ವರ್ಷಗಳ ನಂತರ, ಹನ್ನೊಂದರ ವಯಸ್ಸಿನಲ್ಲಿ, ಟೋಕಿಯೋಕ್ಕೆ ಹೋದರು. ಅಲ್ಲಿ ಅಮೆರಿಕನ್ನರಿಗೆಂದೇ ಬೇಲಿ ಹಾಕಿ ಕಟ್ಟಿದ ಬಡಾವಣೆಯಲ್ಲಿ ಮನೆ. ಒಳಗೆ ಅಮೆರಿಕನ್ ಮನೆಗಳು, ಅಮೆರಿಕನ್ ಶಾಲೆ, ಅಂಗಡಿ. ಆ ಹುಡುಗಿ ಸೈಕಲ್ ಹತ್ತಿ ಗೇಟು ದಾಟಿ ಶಿಬುಯಾ ಅನ್ನುವ ಕಡೆ ಹೋಗಿಬಿಡುತ್ತಿದ್ದಳು. ಅಲ್ಲಿನ ಬೀದಿ, ವಾಸನೆ, ಗಲಾಟೆ, ಶಾಲೆಯಂಗಳದಲ್ಲಿ ಆಡುವ ಜಪಾನಿ ಮಕ್ಕಳು, ಎಲ್ಲವನ್ನೂ ಸುಮ್ನೆ ನಿಂತು ನೋಡುತ್ತಿದ್ದಳು. ಮಾತಾಡಲಿಲ್ಲ, ಅಂಜಿಕೆ. ನಾವು ಯಾಕೆ ಬೇಲಿಯೊಳಗೆ ಇದ್ದೆವು ಅಂತ ದೊಡ್ಡವಳಾದ ಮೇಲೆ ತಾಯಿಯನ್ನು ಕೇಳಿದರಂತೆ. ಅದು ಪರಿಚಿತ, ನೆಮ್ಮದಿ, ಭದ್ರ ಅನ್ನುವುದು ತಾಯಿಯ ಉತ್ತರ.

ಜೋನಸ್ ಊರು ಬಿಡುವುದು ಅಪ್ಪನ ಸೈಕಲ್ಲಿನಲ್ಲಿ, ಹಿಂದೆ ಮಗು ಕೂರುವ ಸೀಟು ಇದೆ ಅಂತ. ಇದು ತಿಳಿದ ಮೇಲೆ ಆ ಸೈಕಲ್ ಬೇರೆ ತರ ಕಾಣುತ್ತದೆ.

ಇನ್ನೊಂದು, ಲೌರಿಯವರ ತಂದೆ ವಯಸ್ಸಾದ ಮೇಲೆ ನೆನಪು ಕಳೆದುಕೊಳ್ಳುತ್ತಾ ಬಂದರು. ಲೌರಿಯ ಅಕ್ಕ ಹೆಲೆನ್ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ತಂದೆ ಫೋಟೋ ನೋಡಿ, ಇವಳಿಗೆ ಏನಾಯಿತು ಅಂತ ಕೇಳುತ್ತಿದ್ದರು. ಹೇಳಿದರೆ ಆಗಷ್ಟೇ ಕೇಳಿದ ಹಾಗೆ ಸಂಕಟಪಟ್ಟು, ಸ್ವಲ್ಪ ಹೊತ್ತಿಗೆ ಮರೆತು ಮತ್ತೆ ಕೇಳುತ್ತಿದ್ದರು. ನೋವಿನ ನೆನಪನ್ನೇ ಅಳಿಸಿಬಿಟ್ಟರೆ ಎಷ್ಟು ಹಿತ ಅಲ್ವಾ ಅಂತ ಮಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಅಲ್ಲೇ ಉತ್ತರವನ್ನೂ ಹುಡುಕತೊಡಗಿದರು. ಪುಸ್ತಕ ಅಲ್ಲಿಂದ ಬೆಳೆಯಿತು.

9. ಎರಡನೇ ಓದು

ಮುಂದಿನ ಪುಸ್ತಕಗಳ ಕ್ರಮ ಹೀಗಿದೆ: ‘ಗ್ಯಾದರಿಂಗ್ ಬ್ಲೂ’ 2000, ‘ಮೆಸೆಂಜರ್’ 2004, ‘ಸನ್’ 2012. ಇದೇ ಕ್ರಮದಲ್ಲಿ ಓದಿ. ಎರಡನೆಯದರಲ್ಲಿ ಬೇರೆಯೇ ಊರು, ಬೇರೆಯೇ ಹುಡುಗಿ, ತಪ್ಪು ಪುಸ್ತಕ ತಂದೆವಾ ಅಂತ ಗಾಬರಿಯಾಗಬೇಡಿ. ‘ಸನ್’ ಮತ್ತೆ ಜೋನಸನ ಊರಿಗೆ ತರುತ್ತದೆ. ಅದನ್ನು ಮೊದಲೇ ಓದಿದರೆ ಈ ಕೊನೆಯ ತೂಕ ಹೋಗುತ್ತದೆ.

ಆದರೆ ಅವಕ್ಕಿಂತ ಮೊದಲು ‘ದ ಗಿವರ್’ ಅನ್ನೇ ಇನ್ನೊಂದು ಸಲ ಓದಿ. ಎರಡು ಸಂಜೆ ಸಾಕು. ಈ ಸಲ ಒಂದೇ ಕೆಲಸ: ಮೊದಲ ಅಧ್ಯಾಯಗಳಲ್ಲಿ ಬಣ್ಣದ ಹೆಸರು ಹುಡುಕಿ. ಅಂಗಿ ಯಾವ ಬಣ್ಣ, ಹೂವು ಯಾವ ಬಣ್ಣ, ಸೈಕಲ್ ಯಾವ ಬಣ್ಣ? ಕಣ್ಣಿನ ಮಾತು ಬಂದರೂ ತಿಳಿ, ಗಾಢ ಅಂತಷ್ಟೇ. ಮೊದಲ ಸಲ ನೀವು ಆ ಊರನ್ನು ಓದುವಾಗ ನಿಮ್ಮ ಮನಸ್ಸೇ ಬಣ್ಣ ತುಂಬಿಕೊಂಡಿತ್ತು. ಪುಸ್ತಕ ಕೊಟ್ಟಿರಲಿಲ್ಲ. ಸಿನಿಮಾಕ್ಕೆ ಇದನ್ನು ಬಚ್ಚಿಡಲು ಆಗದೆ ಕಪ್ಪು ಬಿಳುಪಿನಲ್ಲಿ ಶುರು ಮಾಡಬೇಕಾಯಿತು. ಇದನ್ನು ಮಾತಿನಲ್ಲಿ ಮಾತ್ರ ಬಚ್ಚಿಡಬಹುದು.

ಫಿಯೋನಾಳ ಕೂದಲು ಬರುವ ಕಡೆ ನಿಲ್ಲಿ. ಜೋನಸ್, ಗೇಬ್ರಿಯಲ್, ಗುರು, ಮೂವರ ಕಣ್ಣನ್ನು ಒಟ್ಟಿಗೆ ನೋಡಿ. ಆಮೇಲೆ 3ನೇ ಅಧ್ಯಾಯಕ್ಕೆ ಬನ್ನಿ. ಸೇಬು ಆಶರ್ ಕೈಯಿಂದ ಹೊರಟು ಗಾಳಿಯಲ್ಲಿದೆ, ಅಂಚಿನಲ್ಲಿ ನಿಮ್ಮ ಪೆನ್ಸಿಲ್ ಗುರುತು ಇದೆ. ಈಗ ನಿಮಗೆ ಅದು ಕೆಂಪಗೆ ಕಾಣುತ್ತಿರುತ್ತದೆ, ಅವನಿಗೆ ಇನ್ನೂ ಆ ಪದ ಸಿಕ್ಕಿರುವುದಿಲ್ಲ.